ಲಿನಕ್ಸ್ ಇಮೇಜಿನಿಂದ ಹಳೆಯ ಸೌಲಭ್ಯಗಳನ್ನು ತೆಗೆಯುವುದು: ಯಾವುದು ಮೊದಲು, ಯಾವುದು ಬೇಡವೇ ಬೇಡ?

ಪ್ರಶ್ನೆ: ಪೀಣ್ಯ, ದಾಬಸ್‌ಪೇಟೆ ಕಡೆಯ ಕಾರ್ಖಾನೆಗಳಿಗೆ ತೂಕದ ಯಂತ್ರದ ಜೊತೆ ಕೂರಿಸುವ ಟರ್ಮಿನಲ್‌ಗಳನ್ನು ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಲಿನಕ್ಸ್‌ನ ಡೆಬಿಯನ್ 12 ಆವೃತ್ತಿ ಆಧರಿಸಿದ ನಮ್ಮದೇ ಇಮೇಜ್ (ಪ್ರತಿ ಯಂತ್ರಕ್ಕೂ ಹಾಗೆಯೇ ಹಾಕುವ ಸಿದ್ಧ ಪ್ರತಿ) ಇದೆ. ವರ್ಷಗಳಿಂದ ಸೇರುತ್ತ ಬಂದ 32 ಬಿಟ್ ಲೈಬ್ರರಿಗಳು, ದೂರದಿಂದ ಲಾಗಿನ್ ಆಗಲು ಟೆಲ್ನೆಟ್ ಸರ್ವರ್, ಬೂಟ್ ಆಗುವಾಗ ಸೇವೆಗಳನ್ನು ಎಬ್ಬಿಸುವ ಇನಿಟ್ ಸ್ಕ್ರಿಪ್ಟ್‌ಗಳು, ಹಳೆಯ ಪ್ರಿಂಟರ್‌ಗಳ ಪ್ಯಾರಲಲ್ ಪೋರ್ಟ್ ಡ್ರೈವರ್, ಎಸ್‌ಎಸ್‌ಎಚ್ (ಗೂಢಲಿಪಿಯಲ್ಲಿ ನಡೆಯುವ ಲಾಗಿನ್) ಬಳಸುವ ಡಿಎಸ್‌ಎ ಕೀಲಿಗಳು ಎಲ್ಲವೂ ಅದರಲ್ಲಿವೆ. ಡೆಬಿಯನ್ 13ಕ್ಕೆ ಹೋಗುವಾಗ ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕೋಣ ಎಂದುಕೊಂಡಿದ್ದೇವೆ. ಯಾವುದನ್ನು ತೆಗೆಯಬಹುದು ಎಂದು ತೀರ್ಮಾನಿಸುವುದು ಹೇಗೆ? ದೊಡ್ಡ ಯೋಜನೆಗಳವರು ಏನು ಮಾಡುತ್ತಾರೆ?

ಉತ್ತರ: ಒಟ್ಟಿಗೆ ತೆಗೆಯುವ ಯೋಚನೆಯನ್ನು ಮೊದಲು ಬಿಡಿ. ಆವೃತ್ತಿಯೂ ಬದಲಾಗಿ ಐದು ಸೌಲಭ್ಯಗಳೂ ಅದೇ ದಿನ ಮಾಯವಾದರೆ, ಸೋಮವಾರ ಬೆಳಗ್ಗೆ ಲೇಬಲ್ ಬರುತ್ತಿಲ್ಲ ಎಂದು ಫೋನ್ ಬಂದಾಗ ನಿಮ್ಮ ಮುಂದೆ ಆರು ಅನುಮಾನಗಳಿರುತ್ತವೆ. ತೆಗೆಯುವ ಕೆಲಸವನ್ನೆಲ್ಲ ಡೆಬಿಯನ್ 12ರಲ್ಲೇ, ಒಂದೊಂದಾಗಿ ಮುಗಿಸಿ. ಅದು ನೆಲೆನಿಂತ ಮೇಲೆ 13ಕ್ಕೆ ಹೋಗಿ.

ಇನ್ನು ತೀರ್ಮಾನದ ಅಳತೆಗೋಲು. ಹಳೆಯದು ಎಂಬುದೊಂದೇ ತೆಗೆಯಲು ಕಾರಣವಲ್ಲ. ಅಮಿಗಾ, ಅಟಾರಿ ಕಾಲದ ಮೊಟೊರೋಲಾ 68000 ಕುಟುಂಬದ ಪ್ರೊಸೆಸರ್‌ಗಳ ಬೆಂಬಲ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇವತ್ತಿಗೂ ಇದೆ. ಅದಕ್ಕಿಂತ ಎಷ್ಟೋ ಕಿರಿಯದಾದ, 2001ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್‌ನ ಇಟಾನಿಯಂ 2024ರ ಜನವರಿಯಲ್ಲಿ ಬಿಡುಗಡೆಯಾದ 6.7 ಆವೃತ್ತಿಯಲ್ಲಿ ಹೊರಬಿತ್ತು. ಮೊದಲನೆಯದನ್ನು ನೋಡಿಕೊಳ್ಳುವವರೂ ಪರೀಕ್ಷಿಸುವವರೂ ಇದ್ದಾರೆ. ಎರಡನೆಯದಕ್ಕೆ ಅಂಥವರು ಉಳಿದಿರಲಿಲ್ಲ. 386 ಪ್ರೊಸೆಸರ್‌ನ ಬೆಂಬಲವನ್ನು 2012ರ ಡಿಸೆಂಬರ್‌ನಲ್ಲಿ ತೆಗೆದದ್ದಕ್ಕೂ ಕಾರಣ ವಯಸ್ಸಲ್ಲ. 486ರಿಂದ ಮುಂದಿನವುಗಳಲ್ಲಿರುವ ನಡುವೆ ತುಂಡಾಗದ ಕೆಲವು (ಅಟಾಮಿಕ್) ಸೂಚನೆಗಳು ಅದರಲ್ಲಿಲ್ಲ. ಬರೆಯಬಾರದ ಪುಟಕ್ಕೆ ಕರ್ನಲ್ಲೇ ಬರೆದರೆ ತಡೆಯುವ ವ್ಯವಸ್ಥೆಯೂ ಇಲ್ಲ. ಆ ಕೊರತೆ ಮುಚ್ಚಲು ಬೇರೆ ಎಲ್ಲ ಪ್ರೊಸೆಸರ್‌ಗಳಿಗೆ ಬರೆಯುವ ಕೋಡಿನಲ್ಲೂ ಸುತ್ತುದಾರಿ ಹಿಡಿಯಬೇಕಾಗಿತ್ತು. ಲಿನಕ್ಸ್ ಹುಟ್ಟಿದ್ದೇ 386ರ ಮೇಲೆ, ಆದರೂ ಹೋಯಿತು.

ಹಾಗಾಗಿ ನಿಮ್ಮ ಪಟ್ಟಿಯ ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿ: ಇದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ? ಇದು ಇರುವುದರಿಂದ ಉಳಿದ ಭಾಗಕ್ಕೆ ಏನು ಖರ್ಚು? ಬಳಸುವವರಿಗೆ ಬೇರೆ ದಾರಿ ಇದೆಯೇ? ಈ ಲೆಕ್ಕದಲ್ಲಿ ಪ್ಯಾರಲಲ್ ಪೋರ್ಟ್ ಡ್ರೈವರನ್ನು ಮುಟ್ಟಬೇಡಿ ಎಂದೇ ನಮ್ಮ ಸಲಹೆ. ಅದೊಂದು ಚಿಕ್ಕ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರುವ ತುಣುಕು), ಬೇಡದ ಕಡೆ ಲೋಡ್ ಆಗದಂತೆ ಮಾಡಿದರೆ ಸಾಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟುಕೊಂಡು ಮೂರು ಪ್ರತಿಯ ಚಲನ್ ತೆಗೆಯುವ ಕಾರ್ಖಾನೆಗೆ ಅದರ ಬದಲು ಇನ್ನೊಂದು ಕೊಡಲು ನಿಮ್ಮಲ್ಲಿ ಏನೂ ಇಲ್ಲ. ಟೆಲ್ನೆಟ್ ಹಾಗಲ್ಲ, ಪಾಸ್‌ವರ್ಡ್ ತೆರೆದುಕೊಂಡೇ ತಂತಿಯ ಮೇಲೆ ಓಡುತ್ತದೆ, ಹೋಗಬೇಕು. 32 ಬಿಟ್ ಲೈಬ್ರರಿಗಳ ಖರ್ಚೇ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಒಂದೇ ಭದ್ರತಾ ತೇಪೆಯನ್ನು ಎರಡು ಸಲ ಹಾಕಿ ಎರಡು ಸಲ ಪರೀಕ್ಷಿಸಬೇಕು. ಡಿಎಸ್‌ಎ ಬಗ್ಗೆ ನೀವು ತೀರ್ಮಾನಿಸಲು ಏನೂ ಉಳಿದಿಲ್ಲ, ಮೂಲ ತಂತ್ರಾಂಶದವರೇ ತೀರ್ಮಾನಿಸಿಯಾಗಿದೆ.

ಮುಂದಿನದು ಅಳೆಯುವ ಕೆಲಸ. 2019ರ ಜೂನ್‌ನಲ್ಲಿ ಉಬುಂಟುವಿನವರು ಮುಂದಿನ ಆವೃತ್ತಿಯಿಂದ 32 ಬಿಟ್ ಪ್ಯಾಕೇಜುಗಳನ್ನು ಪೂರ್ತಿ ಕೈಬಿಡುತ್ತೇವೆ ಎಂದು ಪ್ರಕಟಿಸಿದರು. 32 ಬಿಟ್ ಕಂಪ್ಯೂಟರ್‌ಗಳು ಹೆಚ್ಚು ಉಳಿದಿರಲಿಲ್ಲ, ನಿಜ. ಆದರೆ 64 ಬಿಟ್ ಕಂಪ್ಯೂಟರಿನ ಮೇಲೆ ಓಡುವ 32 ಬಿಟ್ ಪ್ರೋಗ್ರಾಂಗಳು, ಅಂದರೆ ಸ್ಟೀಮ್ ಆಟಗಳು ಮತ್ತು ವೈನ್ ಮೂಲಕ ಓಡುವ ವಿಂಡೋಸ್ ತಂತ್ರಾಂಶಗಳು, ಬೇಕಾದಷ್ಟು ಇದ್ದವು. ಗದ್ದಲ ಎದ್ದು ಕೆಲವೇ ದಿನಗಳಲ್ಲಿ ಹಿಂದೆ ಸರಿದು, ಆಯ್ದ ಪ್ಯಾಕೇಜುಗಳನ್ನು ಉಳಿಸಿಕೊಂಡರು. ಯಂತ್ರಗಳನ್ನು ಎಣಿಸಿ ಪ್ರೋಗ್ರಾಂಗಳನ್ನು ಎಣಿಸದೆ ಬಿಟ್ಟರೆ ಹೀಗಾಗುತ್ತದೆ.

ನಿಮ್ಮಲ್ಲಿ ಎಣಿಸುವುದು ಹೀಗೆ. ಇಮೇಜಿನಲ್ಲಿರುವ ಪ್ರತಿಯೊಂದು ಎಕ್ಸಿಕ್ಯೂಟಬಲ್ ಮೇಲೆ 'ಫೈಲ್' ಆದೇಶ ಓಡಿಸಿದರೆ 32 ಬಿಟ್‌ನವು ಯಾವುವು ಎಂದು ತಿಳಿಯುತ್ತದೆ. ಆದರೆ ಅದು ಇದ್ದವುಗಳ ಪಟ್ಟಿ, ಬಳಕೆಯಲ್ಲಿರುವವುಗಳದ್ದಲ್ಲ. ಬಳಕೆ ತಿಳಿಯಲು ಆಡಿಟ್ ವ್ಯವಸ್ಥೆ ಬೇಕು. ಆಡಿಟ್‌ಡಿ ಹಾಕಿ, 32 ಬಿಟ್ ಸಿಸ್ಟಂ ಕರೆಗಳನ್ನು (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆಗಳನ್ನು) ಮಾತ್ರ ಹಿಡಿಯುವ ನಿಯಮವೊಂದನ್ನು ಬರೆಯಿರಿ. ಇಲ್ಲಿ ಹೆಚ್ಚಿನವರು ಎಡವುವುದು ಪ್ರೋಗ್ರಾಂ ಶುರು ಮಾಡುವ ಎಕ್ಸೆಕ್‌ವಿಇ ಕರೆಯನ್ನು ಹಿಡಿಯಲು ಹೋಗಿ. ಆ ಕರೆ ಮಾಡುವುದು ಪ್ರೋಗ್ರಾಮನ್ನು ಶುರು ಮಾಡಿದ ಶೆಲ್; ಶೆಲ್ 64 ಬಿಟ್ ಆಗಿದ್ದರೆ ನಿಮ್ಮ ನಿಯಮಕ್ಕೆ ಏನೂ ಕಾಣುವುದಿಲ್ಲ. ಅದರ ಬದಲು ಸೆಟ್ ಥ್ರೆಡ್ ಏರಿಯಾ ಎಂಬ ಕರೆಯನ್ನು ಹಿಡಿಯಿರಿ. ಐ386ಕ್ಕೆ, ಅಂದರೆ 32 ಬಿಟ್‌ಗೆ ಕಟ್ಟಿದ ಪ್ರೋಗ್ರಾಂ ಏಳುವಾಗ ಸಿ ಲೈಬ್ರರಿ ಅದನ್ನು ಕರೆಯುತ್ತದೆ, ಹಾಗಾಗಿ ಲಾಗ್ ತುಂಬಿ ತುಳುಕುವುದಿಲ್ಲ, ತಪ್ಪಿಸಿಕೊಳ್ಳುವುದೂ ಅಪರೂಪ. ಕೊನೆಗೆ ಎಯು ರಿಪೋರ್ಟ್ ಆದೇಶದಿಂದ ಎಕ್ಸಿಕ್ಯೂಟಬಲ್‌ವಾರು ಸಾರಾಂಶ ತೆಗೆಯಿರಿ.

ಎಷ್ಟು ದಿನ ಅಳೆಯಬೇಕು? ಒಂದು ವಾರ ಸಾಲದು. ತಿಂಗಳ ಕೊನೆಯ ಬಿಲ್ಲಿಂಗ್, ಮಾರ್ಚ್ 31ರ ಸ್ಟಾಕ್ ಲೆಕ್ಕ, ಕಾನೂನು ಮಾಪನಶಾಸ್ತ್ರ ಇಲಾಖೆಯವರು ತೂಕದ ಯಂತ್ರಕ್ಕೆ ಮುದ್ರೆ ಹಾಕಲು ಬರುವ ದಿನ, ಇವುಗಳಲ್ಲಿ ಮಾತ್ರ ಓಡುವ ಪ್ರೋಗ್ರಾಂ ಇದ್ದೇ ಇರುತ್ತದೆ. ಕ್ಯಾಲಿಬ್ರೇಷನ್ ಉಪಕರಣವೇ 32 ಬಿಟ್ ಆಗಿದ್ದು, ವರ್ಷಕ್ಕೊಮ್ಮೆ ಮಾತ್ರ ಹೊರಗೆ ಬರುವ ಸಾಧ್ಯತೆ ಹೆಚ್ಚು. ಒಂದು ವರ್ಷ ಕಾಯಲಾಗದಿದ್ದರೆ ಆ ಸಂದರ್ಭಗಳನ್ನು ನಿಮ್ಮ ವರ್ಕ್‌ಶಾಪಿನಲ್ಲೇ ನಡೆಸಿ ನೋಡಿ. ಆಯುಧಪೂಜೆ ವಾರದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಂತ್ರಗಳಿಗೆ ಕುಂಕುಮ ಹಚ್ಚಿ ನಿಲ್ಲಿಸಿರುತ್ತಾರೆ.

ಅಳೆದ ಮೇಲೂ ನೇರವಾಗಿ ಅಳಿಸಬೇಡಿ. ಬೆಸ್ಕಾಂನವರು ಮೊದಲೇ ತಿಳಿಸಿ ಹತ್ತರಿಂದ ನಾಲ್ಕರವರೆಗೆ ಕರೆಂಟ್ ತೆಗೆಯುವ ಹಾಗೆ, ಸೌಲಭ್ಯವನ್ನು ಮುನ್ಸೂಚನೆ ಕೊಟ್ಟು ಕೆಲವು ಗಂಟೆ ಆಫ್ ಮಾಡಿ, ಮತ್ತೆ ಆನ್ ಮಾಡಿ. ಸ್ವಿಚ್ ನಿಮ್ಮ ಕೈಯಲ್ಲೇ ಇರುವಾಗ ಯಾರು ಕೂಗುತ್ತಾರೆ ಎಂದು ತಿಳಿಯುತ್ತದೆ. ಮೊದಲು ಎರಡು ಗಂಟೆ, ಆಮೇಲೆ ಒಂದು ಪೂರ್ತಿ ಪಾಳಿ, ಆಮೇಲೆ ಒಂದು ವಾರ. ಒಂದು ವಾರ ಯಾರೂ ಕೇಳದಿದ್ದರೆ ಮುಂದಿನ ಇಮೇಜಿನಲ್ಲಿ ಡೀಫಾಲ್ಟ್ ಆಗಿ ಆಫ್ ಮಾಡಿ. ಅದರ ಮುಂದಿನದರಲ್ಲಿ ಪ್ಯಾಕೇಜನ್ನೇ ತೆಗೆಯಿರಿ.

32 ಬಿಟ್‌ಗೆ ಈ ಸ್ವಿಚ್ ಕರ್ನಲ್‌ನಲ್ಲೇ ಇದೆ. 6.7ರಿಂದ ಮುಂದಿನ ಆವೃತ್ತಿಗಳಲ್ಲಿ ಬೂಟ್ ಸಾಲಿಗೆ ಐಎ32 ಎಮ್ಯುಲೇಷನ್ ನಿಯತಾಂಕವನ್ನು ಫಾಲ್ಸ್ ಎಂದು ಸೇರಿಸಿದರೆ, ಲೈಬ್ರರಿಗಳು ಇದ್ದಲ್ಲೇ ಇದ್ದರೂ 32 ಬಿಟ್ ಪ್ರೋಗ್ರಾಂಗಳು ಏಳುವುದಿಲ್ಲ. ಡೆಬಿಯನ್ 12ರ ಮೂಲ ಕರ್ನಲ್ 6.1, ಅದರಲ್ಲಿ ಈ ಸೌಲಭ್ಯವಿಲ್ಲ. ಪರೀಕ್ಷೆಗಾಗಿ ಬ್ಯಾಕ್‌ಪೋರ್ಟ್ಸ್‌ನಿಂದ (ಹೊಸ ಆವೃತ್ತಿಗಳನ್ನು ಹಳೆಯ ಡೆಬಿಯನ್‌ಗೆ ಕೊಡುವ ಭಂಡಾರ) 6.12 ಹಾಕಿಕೊಳ್ಳಿ. ದೋಷ ಸಂದೇಶಗಳ ವ್ಯತ್ಯಾಸವನ್ನು ನಿಮ್ಮ ಸರ್ವಿಸ್ ಹುಡುಗರಿಗೆ ತಿಳಿಸಿಡಿ. ಎಮ್ಯುಲೇಷನ್ ಆಫ್ ಆಗಿದ್ದರೆ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬರುತ್ತದೆ. ಲೈಬ್ರರಿ ತೆಗೆದಾಗ ಸಾಮಾನ್ಯವಾಗಿ ಬರುವುದು 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ಫೈಲ್ ಕಣ್ಣೆದುರೇ ಇರುತ್ತದೆ, ಆದರೂ ಇಲ್ಲ ಎನ್ನುತ್ತದೆ, ಏಕೆಂದರೆ ಸಿಗದೆ ಹೋದದ್ದು ಆ ಫೈಲ್ ಅಲ್ಲ, ಅದನ್ನು ಲೋಡ್ ಮಾಡುವ 32 ಬಿಟ್ ಲೋಡರ್. ಲೇಬಲ್ ಪ್ರಿಂಟರ್ ತಯಾರಕರು ಕೊಟ್ಟ, ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನ ಫಿಲ್ಟರ್ 32 ಬಿಟ್ ಆಗಿದ್ದರೆ ಇಷ್ಟೂ ಕಾಣುವುದಿಲ್ಲ. ಕ್ಯೂ ನಿಂತು 'ಫಿಲ್ಟರ್ ಫೇಲ್ಡ್' ಎಂದಷ್ಟೇ ಬರುತ್ತದೆ. ಆ ಫಿಲ್ಟರ್‌ಗಳನ್ನು ಮೊದಲೇ ಹುಡುಕಿಡಿ. ಎಲ್ಲ ತೆಗೆದಾದ ಮೇಲೆ ಪ್ಯಾಕೇಜ್ ನಿರ್ವಾಹಕ ಡಿಪಿಕೆಜಿಯಿಂದ ಐ386 ಆರ್ಕಿಟೆಕ್ಚರನ್ನು ಕಳಚುವ ಆದೇಶ ಕೊಡಿ. ಒಂದೇ ಒಂದು ಪ್ಯಾಕೇಜ್ ಉಳಿದಿದ್ದರೂ ಅದು ಒಪ್ಪುವುದಿಲ್ಲ, ಹಾಗಾಗಿ ಅದೇ ನಿಮ್ಮ ಕೊನೆಯ ತಪಾಸಣೆ.

ಡ್ರೈವರ್‌ಗಳ ವಿಷಯದಲ್ಲಿ ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಮಾಡ್ ಆದೇಶ ತೋರಿಸುವ ಬಳಕೆಯ ಸಂಖ್ಯೆಯನ್ನು ನಂಬಿ ಮೋಸಹೋಗುವವರು ಬಹಳ. ಆ ಅಂಕಣದಲ್ಲಿ ಸೊನ್ನೆ ಇದ್ದರೆ ಯಾರೂ ಬಳಸುತ್ತಿಲ್ಲ ಎಂದರ್ಥವಲ್ಲ. ಓಡುತ್ತಿರುವ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕೂಡ ಸೊನ್ನೆ ತೋರಿಸುತ್ತದೆ. ಮಾಡ್ಯೂಲ್ ಲೋಡ್ ಆಗಿದೆ ಎಂದರೆ ಬಳಕೆಯಲ್ಲಿದೆ ಎಂದೂ ಅಲ್ಲ. ಕಪ್ಸ್ ಹಾಕಿದ ಹಲವು ಯಂತ್ರಗಳಲ್ಲಿ ಪ್ರಿಂಟರ್ ಇಲ್ಲದಿದ್ದರೂ ಪ್ಯಾರಲಲ್ ಪೋರ್ಟ್ ಮಾಡ್ಯೂಲ್‌ಗಳು ಬೂಟ್ ಆಗುವಾಗಲೇ ಏರಿ ಕೂತಿರುತ್ತವೆ. ಮಾಡ್ಯೂಲನ್ನು ತಾತ್ಕಾಲಿಕವಾಗಿ ತಡೆಯಲು ಬ್ಲಾಕ್‌ಲಿಸ್ಟ್ ಸಾಲು ಸಾಲದು. ಅದು ಹಾರ್ಡ್‌ವೇರ್ ಗುರುತಿನ ಮೇಲೆ ತಾನಾಗಿ ಲೋಡ್ ಆಗುವುದನ್ನು ಮಾತ್ರ ತಡೆಯುತ್ತದೆ. ಇನ್ನೊಂದು ಮಾಡ್ಯೂಲ್ ಕರೆದರೆ ಅಥವಾ ಯಾರಾದರೂ ಹೆಸರು ಹಿಡಿದು ಮಾಡ್‌ಪ್ರೋಬ್ ಮಾಡಿದರೆ ಒಳಗೆ ಬರುತ್ತದೆ. ಇನ್‌ಸ್ಟಾಲ್ ಪದದ ಮುಂದೆ ಮಾಡ್ಯೂಲಿನ ಹೆಸರು, ಅದರ ಮುಂದೆ ಬಿನ್ ಫಾಲ್ಸ್ ಎಂದು ಬರೆದರೆ ಆ ದಾರಿಗಳೂ ಮುಚ್ಚುತ್ತವೆ. ಬರೆದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಾಗುವಾಗ ಬಳಸುವ ಚಿಕ್ಕ ಕಡತ ವ್ಯವಸ್ಥೆ) ಹೊಸದಾಗಿ ಕಟ್ಟಿ. ಹಳೆಯದರೊಳಗೆ ಆ ಮಾಡ್ಯೂಲ್ ಇದ್ದರೆ ನಿಮ್ಮ ನಿಯಮ ಓದುವ ಮೊದಲೇ ಅದು ಲೋಡ್ ಆಗಿಬಿಟ್ಟಿರುತ್ತದೆ.

ನೀವೇ ಕರ್ನಲ್ ಕಟ್ಟುತ್ತಿದ್ದರೆ ಇನ್ನೆರಡು ಹಳ್ಳಗಳಿವೆ. ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಮೇಕ್ ಆದೇಶ, ಆ ಕ್ಷಣ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಉಳಿಸಿ ಉಳಿದವನ್ನೆಲ್ಲ ಆಫ್ ಮಾಡುತ್ತದೆ. ಆ ದಿನ ಯುಎಸ್‌ಬಿ ಸೀರಿಯಲ್ ಕೇಬಲ್ ಚುಚ್ಚಿರದಿದ್ದರೆ ಅದರ ಡ್ರೈವರ್ ಹೋಯಿತು, ತೂಕದ ಇಂಡಿಕೇಟರ್‌ನಿಂದ ಅಂಕಿ ಬರುವುದು ನಿಂತಿತು. ಎಸ್‌ಪಿ ರಸ್ತೆಯಲ್ಲಿ ಸಿಗುವ ಒಂದೇ ಥರ ಕಾಣುವ ಕೇಬಲ್‌ಗಳ ಒಳಗೆ ಎಫ್‌ಟಿಡಿಐ, ಪ್ರೊಲಿಫಿಕ್, ಸಿಎಚ್340 ಹೀಗೆ ಬೇರೆ ಬೇರೆ ಚಿಪ್ ಇರುತ್ತವೆ, ಪ್ರತಿಯೊಂದಕ್ಕೂ ಬೇರೆ ಡ್ರೈವರ್. ಹಲವು ಗ್ರಾಹಕರ ಯಂತ್ರಗಳಿಂದ ಎಲ್‌ಎಸ್‌ಮಾಡ್ ಪಟ್ಟಿ ತರಿಸಿ, ಒಟ್ಟುಗೂಡಿಸಿ, ಆ ಕಡತವನ್ನೇ ಅದಕ್ಕೆ ಕೊಡಿ. ಎರಡನೆಯ ಹಳ್ಳ: ಕರ್ನಲ್ ಮೂಲದಲ್ಲಿ ಒಂದು ಆಯ್ಕೆಯ ಹೆಸರೇ ಹೋಗಿದ್ದರೆ, ಹಳೆಯ ಸಂರಚನೆಯನ್ನು ಹೊಸದಕ್ಕೆ ತರುವ ಓಲ್ಡ್‌ಡೆಫ್‌ಕಾನ್ಫಿಗ್ ಸದ್ದಿಲ್ಲದೆ ಆ ಸಾಲನ್ನು ಬಿಟ್ಟುಬಿಡುತ್ತದೆ. ಪ್ರತಿ ಸಲ ಹಳೆಯ ಮತ್ತು ಹೊಸ ಸಂರಚನೆಗಳನ್ನು ಕರ್ನಲ್ ಜೊತೆಗೇ ಬರುವ ಡಿಫ್‌ಕಾನ್ಫಿಗ್ ಸ್ಕ್ರಿಪ್ಟಿನಿಂದ ಹೋಲಿಸಿ, ಬಿಟ್ಟುಹೋದ ಒಂದೊಂದು ಸಾಲಿಗೂ ವಿವರಣೆ ಕೇಳಿ.

ಟೆಲ್ನೆಟ್ ಸುಲಭ. ಫೈರ್‌ವಾಲ್ ಆದೇಶವಾದ ಎನ್‌ಎಫ್‌ಟಿಯಲ್ಲಿ ಟೆಲ್ನೆಟ್‌ನ 23ನೇ ಪೋರ್ಟಿಗೆ ಬರುವ ಹೊಸ ಸಂಪರ್ಕಗಳಿಗೆ ಎಣಿಕೆ ಮತ್ತು ಲಾಗ್ ಹಾಕಿ. ಬಂದ ಐಪಿಗಳ ಹಿಂದೆ ಇರುವುದು ಮನುಷ್ಯರಲ್ಲ, ಯಾರೋ ಎಂದೋ ಬರೆದಿಟ್ಟ ಸ್ಕ್ರಿಪ್ಟ್ ಆಗಿರುತ್ತದೆ. ಅದನ್ನು ಎಸ್‌ಎಸ್‌ಎಚ್‌ಗೆ ಬದಲಿಸಿ ಮುಚ್ಚಿ.

ಡಿಎಸ್‌ಎ ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ, ಏಕೆಂದರೆ ತೆಗೆಯುವುದನ್ನು ಹೇಗೆ ಮಾಡಬೇಕು ಎಂಬುದಕ್ಕೂ ಇದು ಒಳ್ಳೆಯ ಮಾದರಿ. ಓಪನ್‌ಎಸ್‌ಎಸ್‌ಎಚ್ ತಂಡ 2015ರ 7.0 ಆವೃತ್ತಿಯಲ್ಲಿ ಅದನ್ನು ಡೀಫಾಲ್ಟ್ ಆಗಿ ಆಫ್ ಮಾಡಿತು, 2024ರ ಜನವರಿಯಲ್ಲಿ ತೆಗೆಯುವ ವೇಳಾಪಟ್ಟಿ ಪ್ರಕಟಿಸಿತು, 2025ರ ಏಪ್ರಿಲ್‌ನ 10.0ರಲ್ಲಿ ಕೋಡನ್ನೇ ಅಳಿಸಿತು. ಡೆಬಿಯನ್ 13ರಲ್ಲಿರುವುದು ಈ 10.0. ನಿಮ್ಮ ಸರ್ವರ್‌ಗಳ ಆಥರೈಸ್ಡ್ ಕೀಸ್ ಕಡತಗಳಲ್ಲಿ ಎಸ್‌ಎಸ್‌ಎಚ್-ಡಿಎಸ್‌ಎಸ್ ಎಂಬ ಪದವಿರುವ ಸಾಲುಗಳನ್ನು ಹುಡುಕಿ, ಆ ಕೀಲಿ ಬಳಸುವವರಿಗೆಲ್ಲ ಹೊಸ ಮಾದರಿಯ ಇಡಿ25519 ಕೀಲಿ ಕೊಡಿಸಿ. ಇನ್ನೊಂದು ದಿಕ್ಕನ್ನು ಮರೆಯಬೇಡಿ: ನಿಮ್ಮ ಟರ್ಮಿನಲ್ ತಾನೇ ಹೋಗಿ ಸಂಪರ್ಕಿಸುವ ಹಳೆಯ ರೂಟರ್, ಇಂಡಿಕೇಟರ್‌ಗಳು ಡಿಎಸ್‌ಎ ಹೋಸ್ಟ್ ಕೀಲಿಯನ್ನಷ್ಟೇ ಕೊಡುತ್ತಿದ್ದರೆ 'ನೋ ಮ್ಯಾಚಿಂಗ್ ಹೋಸ್ಟ್ ಕೀ ಟೈಪ್' ಎಂದು ನಿಲ್ಲುತ್ತದೆ. ಮೊದಲಾದರೆ ಒಂದು ಆಯ್ಕೆ ಸೇರಿಸಿ ದಾಟಬಹುದಿತ್ತು, 10.0ರಲ್ಲಿ ಆ ದಾರಿ ಇಲ್ಲ. ಅಂಥ ಸಾಧನಗಳಿಗಾಗಿಯೇ ಡೆಬಿಯನ್ ಹಳೆಯ ಕ್ಲೈಂಟನ್ನು ಓಪನ್‌ಎಸ್‌ಎಸ್‌ಎಚ್-ಕ್ಲೈಂಟ್-ಎಸ್‌ಎಸ್‌ಎಚ್1 ಹೆಸರಿನ ಬೇರೆ ಪ್ಯಾಕೇಜಾಗಿ ಇಟ್ಟಿದೆ. ಒಳಜಾಲದಲ್ಲಿ ಮಾತ್ರ ಬಳಸಿ. ಇದನ್ನು ಆರ್‌ಎಸ್‌ಎ ಜೊತೆ ಬೆರೆಸಿಕೊಳ್ಳಬೇಡಿ. 2021ರ 8.8ರಲ್ಲಿ ಆಫ್ ಆದದ್ದು ಶಾ-1 ಬಳಸುವ ಆರ್‌ಎಸ್‌ಎ ಸಹಿ ಮಾತ್ರ. ಎರಡೂ ತುದಿಯಲ್ಲಿ 7.2 ಅಥವಾ ನಂತರದ ಓಪನ್‌ಎಸ್‌ಎಸ್‌ಎಚ್ ಇದ್ದರೆ ಅದೇ ಹಳೆಯ ಆರ್‌ಎಸ್‌ಎ ಕೀಲಿ ಶಾ-2 ಸಹಿಯೊಂದಿಗೆ ನಡೆಯುತ್ತದೆ.

ಇನಿಟ್ ಸ್ಕ್ರಿಪ್ಟ್‌ಗಳಲ್ಲಿ ಯಾವುದು ಇನ್ನೂ ಜೀವಂತ ಎಂದು ನೋಡಲು ರನ್ ಅಡಿಯ ಸಿಸ್ಟಂಡಿ (ಈಗಿನ ಸೇವಾ ನಿರ್ವಾಹಕ) ಫೋಲ್ಡರಿನೊಳಗೆ ಜನರೇಟರ್.ಲೇಟ್ ಎಂಬುದನ್ನು ತೆರೆಯಿರಿ. ಹಳೆಯ ಸ್ಕ್ರಿಪ್ಟ್‌ಗಳಿಂದ ಸಿಸ್ಟಂಡಿ ತಾನೇ ಹುಟ್ಟಿಸಿದ ಯೂನಿಟ್‌ಗಳು ಅಲ್ಲಿರುತ್ತವೆ. ಯೂನಿಟ್ ಕಡತ ಬರೆಯುವುದು ಹತ್ತು ಸಾಲಿನ ಕೆಲಸ. ಕೆಡುವುದು ಸ್ಕ್ರಿಪ್ಟ್ ಸದ್ದಿಲ್ಲದೆ ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳಲ್ಲಿ. ಯುಮಾಸ್ಕ್ (ಹೊಸ ಕಡತಗಳ ಅನುಮತಿ) ಹೊಂದಿಸುವುದು, ಯುಲಿಮಿಟ್ (ಸಂಪನ್ಮೂಲ ಮಿತಿ) ಏರಿಸುವುದು, ಇಟಿಸಿ ಡೀಫಾಲ್ಟ್‌ನಿಂದ ಚರಾಂಶಗಳನ್ನು ಓದುವುದು, ರನ್ ಅಡಿಯಲ್ಲಿ ಫೋಲ್ಡರ್ ಮಾಡುವುದು. ಕೊನೆಯದಕ್ಕೆ ರನ್‌ಟೈಮ್ ಡೈರೆಕ್ಟರಿ ಎಂಬ ಸಾಲು ಇದೆ. ಅದನ್ನು ಬಿಟ್ಟರೆ ಕೈಯಿಂದ ಫೋಲ್ಡರ್ ಮಾಡಿದ ದಿನ ಎಲ್ಲ ಸರಿ ಇದ್ದು, ಮರುದಿನ ರೀಬೂಟ್ ಆದಾಗ ಸೇವೆ ಏಳುವುದಿಲ್ಲ. ಡೀಮನ್‌ಗೆ ಮುನ್ನೆಲೆಯಲ್ಲಿ ಓಡುವ ಆಯ್ಕೆ ಇದ್ದರೆ ಅದನ್ನೇ ಬಳಸಿ. ಫೋರ್ಕಿಂಗ್ ಎಂದು ಬರೆದು ಪಿಐಡಿ ಕಡತ ಹೇಳದಿದ್ದರೆ ಸಿಸ್ಟಂಡಿ ತಪ್ಪು ಪ್ರಕ್ರಿಯೆಯನ್ನು ಹಿಡಿದುಕೊಳ್ಳುವ ಸಂಭವವಿದೆ.

ನಿಮ್ಮದೇ ತಂತ್ರಾಂಶದಿಂದ ಒಂದು ಆಯ್ಕೆಯನ್ನು ತೆಗೆಯುವಾಗ, ಸಂರಚನಾ ಕಡತದಲ್ಲಿ ಆ ಪದ ಸಿಕ್ಕರೆ ದೋಷ ಎಂದು ನಿಲ್ಲಿಸಬೇಡಿ. ಎಸ್‌ಎಸ್‌ಎಚ್ ಸರ್ವರ್ ಆದ ಎಸ್‌ಎಸ್‌ಎಚ್‌ಡಿ ತನಗೆ ಗೊತ್ತೇ ಇಲ್ಲದ ಪದ ಕಂಡರೆ ಏಳುವುದಿಲ್ಲ. ಆದರೆ ತಾನೇ ಕೈಬಿಟ್ಟ ಹಳೆಯ ಪದಗಳನ್ನು ಗುರುತಿಟ್ಟುಕೊಂಡು, 'ಡೆಪ್ರಿಕೇಟೆಡ್ ಆಪ್ಷನ್' ಎಂದು ಎಚ್ಚರಿಸಿ ಮುಂದೆ ಹೋಗುತ್ತದೆ. ಈ ಎಚ್ಚರಿಕೆ ಇಲ್ಲದಿದ್ದರೆ ದೂರದಿಂದ ಅಪ್‌ಡೇಟ್ ಕೊಟ್ಟ ಯಂತ್ರಕ್ಕೆ ನೀವೇ ಬೀಗ ಜಡಿದುಕೊಂಡು ದಾಬಸ್‌ಪೇಟೆಗೆ ಬಸ್ ಹಿಡಿಯಬೇಕಾಗುತ್ತದೆ. ಹಾಗೆಯೇ ಸಂಖ್ಯೆಗಳು: ಕರ್ನಲ್‌ನಲ್ಲಿ ಒಂದು ಸಿಸ್ಟಂ ಕರೆಯನ್ನು ತೆಗೆದರೂ ಅದರ ಸಂಖ್ಯೆಯ ಜಾಗ ಖಾಲಿಯಾಗಿಯೇ ಉಳಿಯುತ್ತದೆ, ಕರೆದವರಿಗೆ 'ಈ ಕರೆ ಇಲ್ಲ' ಎಂಬ ದೋಷ ಹೋಗುತ್ತದೆ. ನಿಮ್ಮ ಸೀರಿಯಲ್ ಪ್ರೋಟೋಕಾಲಿನ ಆದೇಶ ಸಂಖ್ಯೆಗಳಿಗೂ ಇದೇ ನಿಯಮ ಇಟ್ಟುಕೊಳ್ಳಿ. ತೆಗೆದ ಆದೇಶದ ಸಂಖ್ಯೆಯನ್ನು ಹೊಸದಕ್ಕೆ ಕೊಟ್ಟರೆ, ಹಳೆಯ ಇಂಡಿಕೇಟರ್ 'ತೂಕ ಓದು' ಎಂದದ್ದು 'ಟೇರ್ ಮಾಡು' (ಈಗಿನ ತೂಕವನ್ನು ಸೊನ್ನೆ ಎಂದು ಹಿಡಿ) ಎಂದಾಗಬಹುದು. ಒಂದು ಸೌಲಭ್ಯಕ್ಕೆ ಒಂದೇ ಕಮಿಟ್ ಇರಲಿ, ಅದರಲ್ಲಿ ಅಳಿಸುವುದು ಬಿಟ್ಟು ಇನ್ನೇನೂ ಬೇಡ; ರಿವರ್ಟ್ ಮಾಡಲು ಒಂದೇ ಆದೇಶ ಸಾಕಾಗಬೇಕು.

ದತ್ತಾಂಶದ ರೂಪಗಳು ಬೇರೆಯೇ ಜಾತಿ. ಪ್ರೋಗ್ರಾಂ ಹೋದರೆ ಇನ್ನೊಂದು ಹಾಕಬಹುದು. ಓದುವ ದಾರಿ ಹೋದರೆ ಹಳೆಯ ದಾಖಲೆಯೇ ಹೋದಂತೆ. ರೈಸರ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಕರ್ನಲ್‌ನವರು 2022ರ 5.18ರಲ್ಲಿ ಕೈಬಿಡುವುದಾಗಿ ಹೇಳಿ, 2025ರ ಜನವರಿಯ 6.13ರಲ್ಲಿ ತೆಗೆದರು. ನಡುವಿನ ಎರಡೂವರೆ ವರ್ಷ ಕೊಟ್ಟದ್ದು ಬಳಕೆದಾರರು ಕಡತಗಳನ್ನು ಬೇರೆಡೆ ಸಾಗಿಸಿಕೊಳ್ಳಲಿ ಎಂದು. ಅದಕ್ಕಿಂತ ಚೆಂದದ ಉದಾಹರಣೆ ಇಎಕ್ಸ್‌ಟಿ3 ಎಂಬ ಇನ್ನೊಂದು ಕಡತ ವ್ಯವಸ್ಥೆ. 2015ರ 4.3ರಲ್ಲಿ ಅದರ ಡ್ರೈವರ್ ಅಳಿದುಹೋಯಿತು, ಇಎಕ್ಸ್‌ಟಿ4 ಡ್ರೈವರೇ ಹಳೆಯ ಡಿಸ್ಕುಗಳನ್ನು ಓದುವುದರಿಂದ ಬಹುತೇಕರಿಗೆ ಗೊತ್ತೇ ಆಗಲಿಲ್ಲ. ನಿಮ್ಮ ಊರಿನದ್ದೇ ಒಂದು ವಿಷಯ ಇಲ್ಲಿ ಸೇರುತ್ತದೆ: ಹಳೆಯ ನುಡಿ ಫಾಂಟುಗಳು. ಯೂನಿಕೋಡ್‌ಗೆ ಮುಂಚಿನ ನುಡಿಯಲ್ಲಿ ಟೈಪ್ ಮಾಡಿದ ಸರಕಿನ ಹೆಸರು, ಗ್ರಾಹಕರ ವಿಳಾಸ ಡೇಟಾಬೇಸಿನೊಳಗೆ ಕೂತಿರುವುದು ರೋಮನ್ ಅಕ್ಷರಗಳ ಸಂಕೇತಗಳಾಗಿ. ಫಾಂಟ್ ಪ್ಯಾಕೇಜನ್ನು ಹಳೆಯದೆಂದು ತೆಗೆದ ಕ್ಷಣ ಲೇಬಲ್ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮುದ್ರಣವಾಗುತ್ತವೆ. ಮೊದಲು ಡೇಟಾಬೇಸನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಸಾಲುಗಳನ್ನು ಕಣ್ಣಾರೆ ಓದಿ ನೋಡಿ, ಆಮೇಲೆ ಫಾಂಟಿಗೆ ಕೈ ಹಾಕಿ. ಪರಿವರ್ತಕಗಳು ತಪ್ಪುವುದು ಅಲ್ಲೇ.

ಉಳಿದದ್ದು ಪೂರ್ತಿ 32 ಬಿಟ್ ಟರ್ಮಿನಲ್‌ಗಳೇನಾದರೂ ಇದ್ದರೆ ಅವುಗಳ ಗತಿ. ಸಿಪಿಯುಇನ್ಫೋ ಕಡತದ ಫ್ಲಾಗ್ ಸಾಲಿನಲ್ಲಿ ಎಲ್‌ಎಂ ಎಂದಿದ್ದರೆ ಪ್ರೊಸೆಸರ್ 64 ಬಿಟ್, ಎಎಂಡಿ64 (64 ಬಿಟ್) ಆವೃತ್ತಿಯನ್ನು ಹೊಸದಾಗಿ ಹಾಕಿ. ಇರುವುದನ್ನೇ 32ರಿಂದ 64ಕ್ಕೆ ಬದಲಿಸುವ ಸಾಹಸಕ್ಕೆ ಅಧಿಕೃತ ಬೆಂಬಲವಿಲ್ಲ. ಆಟಂ ಎನ್270 ಥರದವು 32 ಬಿಟ್ ಮಾತ್ರ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಐ386ಕ್ಕೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಉಳಿದಿರುವುದು 64 ಬಿಟ್ ಯಂತ್ರದ ಮೇಲೆ ಹಳೆಯ ಪ್ರೋಗ್ರಾಂ ಓಡಿಸಲು ಬೇಕಾದ ಲೈಬ್ರರಿಗಳು. ಆ ಲೈಬ್ರರಿಗಳಲ್ಲಿ ಸಮಯವನ್ನು ಇನ್ನೂ 32 ಬಿಟ್‌ನಲ್ಲೇ ಇಡಲಾಗಿದೆ, ಹಳೆಯ ಬೈನರಿಗಳು ಕೆಡದಿರಲಿ ಎಂದು. ಅವುಗಳ ಗಡಿಯಾರ ನಮ್ಮ ಸಮಯದ ಪ್ರಕಾರ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಹತ್ತು ವರ್ಷದ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಗ್ರಾಹಕರಿದ್ದರೆ ಇದನ್ನು ಈಗಲೇ ಹೇಳಿಬಿಡಿ.

ಎನ್270 ಯಂತ್ರಗಳನ್ನು ಡೆಬಿಯನ್ 12ರಲ್ಲೇ ಬಿಡಿ. ಅದರ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಇದೆ. ಐ386 ಆ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಂಡು, ಇಂಟರ್ನೆಟ್ ತಪ್ಪಿಸಿ ಬೇರೆ ವಿಎಲ್‌ಎಎನ್‌ನಲ್ಲಿ (ಪ್ರತ್ಯೇಕಿಸಿದ ಒಳಜಾಲ) ಇಡಿ. ಕೊನೆಯ 32 ಬಿಟ್ ಇಮೇಜನ್ನು ಅದು ಬಳಸಿದ ಪ್ಯಾಕೇಜುಗಳ ಪೂರ್ತಿ ಪ್ರತಿಯ ಸಮೇತ ನಿಮ್ಮ ಸರ್ವರ್‌ನಲ್ಲಿಟ್ಟು, ಒಂದು ಯಂತ್ರ ಸುಟ್ಟುಹೋಯಿತು ಎಂದುಕೊಂಡು ಖಾಲಿ ಡಿಸ್ಕಿಗೆ ಅದನ್ನು ಮತ್ತೆ ಹಾಕಿ ನೋಡಿ. ಹಾಕಲು ಇಂಟರ್ನೆಟ್ ಬೇಕಾಯಿತು ಎಂದರೆ ಪ್ರತಿ ಪೂರ್ತಿಯಾಗಿಲ್ಲ.